ಉಸಿರು ಕಟ್ಟಿಸುವ ಭಯ

2020ರ ಮಾರ್ಚ್ ತಿಂಗಳಲ್ಲಿ ಯಾರಿಗೆ ಫೋನ್ ಮಾಡಿದರೂ ಮೊದಲು ಕೇಳಿಸುತ್ತಿದ್ದುದು ಕೆಮ್ಮು. ಕೊರೊನಾ ಬಗ್ಗೆ ಜನರನ್ನು ಎಚ್ಚರಿಸಲೆಂದು ಸರ್ಕಾರ ಹಾಕಿಸಿದ್ದ ಕಾಲರ್ ಟ್ಯೂನ್ ಶುರುವಾಗುತ್ತಿದ್ದುದೇ ಆ ಸದ್ದಿನಿಂದ. ಬಹಳಷ್ಟು ಮಂದಿಗೆ ಅದೊಂದು ಕಿರಿಕಿರಿ, ಕೆಲವರಿಗೆ ನಗೆಚಾಟಿಕೆ. ಆದರೆ ವರ್ಷಗಟ್ಟಲೆ ಕೆಮ್ಮಿಯೇ ಬೆಳಗು ಮಾಡುವ ಉಬ್ಬಸದ ರೋಗಿಗೆ? ತನ್ನ ಎದೆಯಿಂದ ದಿನವೂ ಹೊರಡುವ ಸದ್ದು ಈಗ ಊರಿಗೆಲ್ಲ ಅಪಾಯದ ಗಂಟೆ ಆಗಿದೆ ಎಂದು ಆ ಫೋನು ದಿನಕ್ಕೆ ಹತ್ತು ಸಲ ನೆನಪಿಸುತ್ತಿತ್ತು.

ಅದೇ ತಿಂಗಳು ಇನ್ನೊಂದು ಸುದ್ದಿ ಬಂತು. ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಅನ್ನು ಜಾಗತಿಕ ಸಾಂಕ್ರಾಮಿಕ ಎಂದು ಘೋಷಿಸಿತು. ಮರುದಿನವೇ ದೇಶದ ಮೊದಲ ಕೋವಿಡ್ ಸಾವು ಖಚಿತವಾಯಿತು. ಅದು ಆಗಿದ್ದು ಎಲ್ಲೋ ದೂರದಲ್ಲಲ್ಲ, ನಮ್ಮ ಕಲಬುರಗಿಯಲ್ಲಿ. ತೀರಿಕೊಂಡವರಿಗೆ 76 ವರ್ಷ. ರಕ್ತದೊತ್ತಡ ಇತ್ತು, ಅಸ್ತಮಾ ಇತ್ತು. ಕೇಂದ್ರ ಆರೋಗ್ಯ ಸಚಿವಾಲಯದ ಪ್ರಕಟಣೆಯಲ್ಲಿದ್ದ ಆ ‘ಅಸ್ತಮಾ’ ಎಂಬ ಒಂದು ಪದ ಟಿ.ವಿ. ಪರದೆಯ ಕೆಳಗಿನ ಪಟ್ಟಿಯಲ್ಲಿ ಓಡುತ್ತ ಓಡುತ್ತ ಎಷ್ಟು ಮನೆಗಳ ಒಳಕೋಣೆಗೆ ಹೊಕ್ಕಿತೋ ಲೆಕ್ಕ ಇಟ್ಟವರಿಲ್ಲ.

ಲೆಕ್ಕ ಇಡಬೇಕಿತ್ತು ಎನ್ನುವುದೇ ಈ ಲೇಖನದ ವಾದ. ಶ್ವಾಸಕೋಶದ ಕಾಯಿಲೆ ಇದ್ದವರ ಮನಸ್ಸಿಗೆ ಸಾಂಕ್ರಾಮಿಕ ಮಾಡುವ ಗಾಯ ಬರೀ ಮನಸ್ಸಿನಲ್ಲಿ ಉಳಿಯುವುದಿಲ್ಲ. ಅದು ತಿರುಗಿ ಎದೆಗೇ ಇಳಿಯುತ್ತದೆ. ಕೋವಿಡ್ ಕಾಲದ ದಾಖಲೆಗಳು ಇದನ್ನು ಬಿಡಿಸಿ ತೋರಿಸಿವೆ. ಅದರಿಂದ ನಾವು ಕಲಿತದ್ದು ಅಷ್ಟರಲ್ಲೇ ಇದೆ. ಮುಂದಿನ ಸೋಂಕು ಬಂದಾಗ ಇದೇ ಹಾನಿ, ಇನ್ನೂ ಹೆಚ್ಚು ಜನರಿಗೆ ಆಗಲಿದೆ.

ಏದುಸಿರಿನ ಸುಳಿ

ಉಸಿರಿಗೂ ಮನಸ್ಸಿಗೂ ನಂಟಿದೆ ಎಂಬುದು ಕನ್ನಡಕ್ಕೆ ಹೊಸ ಸಂಗತಿಯಲ್ಲ. ದುಃಖವಾದರೆ ನಿಟ್ಟುಸಿರು, ಹೆದರಿದರೆ ಏದುಸಿರು, ಕಾತರವಿದ್ದರೆ ಬಿಗಿಹಿಡಿದ ಉಸಿರು, ದಣಿವಾದರೆ ಮೇಲುಸಿರು. ಮೈಸೂರು ಕಡೆಯವರು ಉಬ್ಬಸ, ಗೂರಲು ಎನ್ನುವುದನ್ನು ಧಾರವಾಡ, ಕಲಬುರಗಿ ಕಡೆಯವರು ದಮ್ಮು ಎನ್ನುತ್ತಾರೆ. ಧೈರ್ಯ, ತಾಕತ್ತು ಎಂಬುದಕ್ಕೂ ಅವರಲ್ಲಿ ಅದೇ ಮಾತು: ‘ದಮ್ ಇದ್ದರೆ ಬಾ.’

ವಿಜ್ಞಾನ ಈ ನಂಟಿನ ಒಳಗುಟ್ಟನ್ನು ಹೀಗೆ ವಿವರಿಸುತ್ತದೆ. ಆರೋಗ್ಯವಂತರು ಸುಮ್ಮನೆ ಕುಳಿತಾಗ ನಿಮಿಷಕ್ಕೆ ಸುಮಾರು 15 ಸಲ ಉಸಿರಾಡುತ್ತಾರೆ ಎನ್ನೋಣ. ಅಂದರೆ ಒಂದು ಉಸಿರಿಗೆ ನಾಲ್ಕು ಸೆಕೆಂಡು. ಸಿಒಪಿಡಿ ಎಂಬ ದೀರ್ಘಕಾಲದ ಶ್ವಾಸಕೋಶದ ಕಾಯಿಲೆಯಲ್ಲಿ ಗಾಳಿಯ ಕೊಳವೆಗಳು ಕಿರಿದಾಗಿರುತ್ತವೆ. ಒಳಗೆ ಹೋದ ಗಾಳಿ ಪೂರ್ತಿ ಹೊರಬರಲು ಹೆಚ್ಚು ಸಮಯ ಬೇಕು. ಹೆದರಿಕೆಯಾದಾಗ ಉಸಿರಿನ ವೇಗ ನಿಮಿಷಕ್ಕೆ 30ಕ್ಕೆ ಏರಿದರೆ ಒಂದು ಉಸಿರಿಗೆ ಸಿಗುವುದು ಎರಡೇ ಸೆಕೆಂಡು. ಹಳೆಯ ಗಾಳಿ ಹೊರಬೀಳುವ ಮೊದಲೇ ಹೊಸ ಗಾಳಿ ನುಗ್ಗುತ್ತದೆ. ಇಳಿಯುವವರಿಗೆ ದಾರಿ ಬಿಡದೆ ಹತ್ತುವವರೆಲ್ಲ ನುಗ್ಗಿದ ಬಸ್ಸನ್ನು ನೆನೆಯಿರಿ. ಎದೆಗೂಡಿನೊಳಗೆ ಆಗುವುದು ಅದೇ. ಶ್ವಾಸಕೋಶ ಉಬ್ಬಿ, ಎದೆ–ಹೊಟ್ಟೆಯ ನಡುವಿನ ವಪೆ ಚಪ್ಪಟೆಯಾಗಿ, ಮುಂದಿನ ಉಸಿರನ್ನು ಎಳೆಯಲು ಸ್ನಾಯುಗಳಿಗೆ ಜಾಗವೇ ಇರುವುದಿಲ್ಲ. ‘ಉಸಿರು ಸಾಲುತ್ತಿಲ್ಲ’ ಎಂದು ಮಿದುಳು ಇನ್ನೂ ಜೋರಾಗಿ ಕೂಗುತ್ತದೆ. ಭಯ ಹೆಚ್ಚುತ್ತದೆ, ಉಸಿರು ಇನ್ನೂ ಚುರುಕಾಗುತ್ತದೆ. ಸುಳಿಗೆ ಸಿಕ್ಕ ಎಲೆಯಂತೆ ರೋಗಿ ಸುತ್ತತೊಡಗುತ್ತಾನೆ.

ಅಮೆರಿಕದ ಮನೋವೈದ್ಯ ಡೊನಾಲ್ಡ್ ಕ್ಲೈನ್ 1993ರಲ್ಲಿ ಒಂದು ಸಿದ್ಧಾಂತ ಮಂಡಿಸಿದ್ದರು. ಮಿದುಳಿನಲ್ಲಿ ಉಸಿರುಗಟ್ಟುವಿಕೆಯನ್ನು ಪತ್ತೆಮಾಡುವ ಎಚ್ಚರಿಕೆಯ ಗಂಟೆಯೊಂದಿದೆ. ದಿಗಿಲಿನ ಕಾಯಿಲೆಯಲ್ಲಿ ಆ ಗಂಟೆ ಕಾರಣವಿಲ್ಲದೆ ಬಾರಿಸುತ್ತದೆ ಎಂಬುದು ಅದರ ತಿರುಳು. ಶ್ವಾಸಕೋಶದ ರೋಗಿಯ ಕಷ್ಟ ಇನ್ನೂ ಜಟಿಲ. ಆತನ ಗಂಟೆ ಕೆಲವು ಸಲ ನಿಜವಾಗಿಯೂ ಕಾರಣವಿದ್ದೇ ಬಾರಿಸುತ್ತದೆ. ಯಾವುದು ನಿಜ, ಯಾವುದು ಸುಳ್ಳು ಎಂದು ಆ ಗಳಿಗೆಯಲ್ಲಿ ಆತನಿಗೆ ತಿಳಿಯದು. ಬಹಳ ಸಲ ಎದುರಿಗಿರುವ ವೈದ್ಯರಿಗೂ ತಿಳಿಯದು.

ಹಾಗಾಗಿ ಸಾಂಕ್ರಾಮಿಕ ಬರುವ ಮೊದಲೇ ಇವರ ಮನಸ್ಸು ದಣಿದಿತ್ತು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ ಸಿಒಪಿಡಿ ಇದ್ದವರಲ್ಲಿ ಖಿನ್ನತೆಯ ಪ್ರಮಾಣ ಶೇ 24.6, ಅದು ಇಲ್ಲದವರಲ್ಲಿ ಶೇ 11.7. ಎರಡು ಪಟ್ಟಿಗಿಂತ ಹೆಚ್ಚು. 2013ರ ಇನ್ನೊಂದು ವಿಶ್ಲೇಷಣೆ ಅದರ ಬೆಲೆಯನ್ನು ತೂಗಿತು: ಸಿಒಪಿಡಿ ಜೊತೆ ಖಿನ್ನತೆಯೂ ಇದ್ದರೆ ಸಾವಿನ ಅಪಾಯ ಸುಮಾರು 1.8 ಪಟ್ಟು. ಖಿನ್ನತೆ ಆವರಿಸಿದವರು ಇನ್‌ಹೇಲರ್ ಮರೆಯುತ್ತಾರೆ, ನಡೆಯುವುದನ್ನು ಬಿಡುತ್ತಾರೆ, ಊಟ ಕಡಿಮೆ ಮಾಡುತ್ತಾರೆ, ಆಸ್ಪತ್ರೆಗೆ ಹೋಗುವುದನ್ನು ನಾಳೆಗೆ ಹಾಕುತ್ತಾರೆ.

ಮನೆಯೊಳಗೆ ಮುಚ್ಚಿಟ್ಟ ಲಕ್ಷಾಂತರ ಮಂದಿ

ಈ ದಣಿದ ಮನಸ್ಸುಗಳ ಮೇಲೆ ಕೋವಿಡ್ ಬಿತ್ತು. ಏನಾಯಿತು ಎಂಬುದರ ಸ್ಪಷ್ಟ ದಾಖಲೆ ಬ್ರಿಟನ್ನಿನಲ್ಲಿದೆ. ಕಾರಣ, ಅಲ್ಲಿನ ಸರ್ಕಾರ ರೋಗಿಗಳ ಪಟ್ಟಿಯನ್ನೇ ಮಾಡಿತು. ತೀವ್ರ ಅಸ್ತಮಾ, ತೀವ್ರ ಸಿಒಪಿಡಿ, ಸಿಸ್ಟಿಕ್ ಫೈಬ್ರೋಸಿಸ್ ಇದ್ದವರೂ ಸೇರಿ ಇಂಗ್ಲೆಂಡಿನಲ್ಲಿ ಮೊದಲಿಗೆ ಸುಮಾರು 22 ಲಕ್ಷ ಜನರಿಗೆ ‘ಮನೆ ಬಿಟ್ಟು ಹೊರಗೆ ಬರಬೇಡಿ, ಸಾಧ್ಯವಾದರೆ ಮನೆಯವರಿಂದಲೂ ದೂರವಿರಿ’ ಎಂಬ ಪತ್ರ ಹೋಯಿತು. ಮೊದಲ ಗಡುವು 12 ವಾರ. 2021ರ ಫೆಬ್ರುವರಿ ಹೊತ್ತಿಗೆ ಪಟ್ಟಿ ಸುಮಾರು 37 ಲಕ್ಷಕ್ಕೆ ಬೆಳೆಯಿತು. ಆ ಪತ್ರ ಎಷ್ಟೋ ಜೀವ ಉಳಿಸಲೆಂದೇ ಬರೆದದ್ದು, ಅದರಲ್ಲಿ ಅನುಮಾನವಿಲ್ಲ. ಆದರೆ ‘ಈ ಸೋಂಕು ತಗುಲಿದರೆ ನೀವು ಉಳಿಯದೆ ಇರಬಹುದು’ ಎಂದು ಸರ್ಕಾರವೇ ಹೆಸರು ಹಿಡಿದು ಹೇಳಿದಂತೆಯೂ ಆಯಿತು. ಆ ಪಟ್ಟಿಯಲ್ಲಿದ್ದವರನ್ನು ಬ್ರಿಟನ್ನಿನ ಅಂಕಿಅಂಶ ಕಚೇರಿ 2020ರ ಬೇಸಿಗೆಯಲ್ಲಿ ಕೇಳಿದಾಗ, ಸುಮಾರು ಮೂವರಲ್ಲಿ ಒಬ್ಬರು ತಮ್ಮ ಮಾನಸಿಕ ಆರೋಗ್ಯ ಹದಗೆಟ್ಟಿದೆ ಎಂದರು.

ಅದೇ ವರ್ಷ ಅಲ್ಲಿನ ಶ್ವಾಸಕೋಶದ ರೋಗಿಗಳ ಸಂಘಟನೆಗಳ ಮೂಲಕ ನಡೆದ ಸಮೀಕ್ಷೆಗೆ 7 ಸಾವಿರಕ್ಕೂ ಹೆಚ್ಚು ರೋಗಿಗಳು ಉತ್ತರಿಸಿದರು. ಅವರು ತೋಡಿಕೊಂಡ ಆತಂಕದ ಬೇರು ಎರಡು ಕಡೆ ಇತ್ತು. ಒಂದು, ಸೋಂಕು ತಗುಲಿದರೆ ಏನು ಗತಿ ಎಂಬುದು. ಇನ್ನೊಂದು, ಸೋಂಕಲ್ಲದ ಮಾಮೂಲಿ ಉಬ್ಬಸಕ್ಕೆ ಇನ್ನು ಮುಂದೆ ಚಿಕಿತ್ಸೆ ಸಿಗುತ್ತದೆಯೇ ಎಂಬುದು.

ಇಲ್ಲಿ ಕೇಳಬೇಕಾದ ಪ್ರಶ್ನೆಯೊಂದಿದೆ. ಆ ಭಯ ಅಪಾಯಕ್ಕೆ ತಕ್ಕಷ್ಟೇ ಇತ್ತೇ? 2020ರ ಜುಲೈನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ‘ಓಪನ್‌ಸೇಫ್ಲಿ’ ಅಧ್ಯಯನ ಇಂಗ್ಲೆಂಡಿನ 1.7 ಕೋಟಿ ವಯಸ್ಕರ ದಾಖಲೆಗಳನ್ನು ಜಾಲಾಡಿತ್ತು. ವಯಸ್ಸು, ಬೇರೆ ಕಾಯಿಲೆ, ಬಡತನ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದ ಮೇಲೆ, ಇತ್ತೀಚೆಗೆ ಸ್ಟೀರಾಯ್ಡ್ ಮಾತ್ರೆ ಬೇಕಾಗಿರದ ಅಸ್ತಮಾ ರೋಗಿಗಳಿಗೆ ಕೋವಿಡ್ ಸಾವಿನ ಅಪಾಯ ಉಳಿದವರಷ್ಟೇ ಇತ್ತು: 0.99 ಪಟ್ಟು. ಸ್ಟೀರಾಯ್ಡ್ ಮಾತ್ರೆ ಬೇಕಾಗಿದ್ದ ಅಸ್ತಮಾದವರಿಗೆ 1.13 ಪಟ್ಟು. ಅಸ್ತಮಾ ಬಿಟ್ಟು ಉಳಿದ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇದ್ದವರಿಗೆ 1.63 ಪಟ್ಟು.

ಅಂದರೆ ಅಪಾಯ ಮೆಟ್ಟಿಲು ಮೆಟ್ಟಿಲಾಗಿತ್ತು. ಭಯಕ್ಕೆ ಮಾತ್ರ ಮೆಟ್ಟಿಲಿರಲಿಲ್ಲ. ತಿಂಗಳಿಗೊಮ್ಮೆ ಇನ್‌ಹೇಲರ್ ಎಳೆಯುವ ಕಾಲೇಜು ಹುಡುಗಿಯೂ ಆಮ್ಲಜನಕದ ನಳಿಕೆ ಹಚ್ಚಿಕೊಂಡ ಎಪ್ಪತ್ತರ ಅಜ್ಜನೂ ಒಂದೇ ವಾಕ್ಯ ಕೇಳಿಸಿಕೊಂಡರು: ‘ಉಸಿರಾಟದ ಕಾಯಿಲೆ ಇರುವವರಿಗೆ ಅಪಾಯ ಹೆಚ್ಚು.’ ಆರಂಭದ ದಿನಗಳಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ, ಆ ಮಾತನ್ನು ಒಪ್ಪಬಹುದು. ಜುಲೈ ನಂತರವೂ ಎಚ್ಚರಿಕೆಯ ಮಾತು ಬದಲಾಗಲಿಲ್ಲವಲ್ಲ, ಅದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ.

ಬೆರಳ ತುದಿಯ ಆತಂಕ

2020ರ ಏಪ್ರಿಲ್ 18ರಂದು ಜಪಾನಿನ ಎಂಜಿನಿಯರ್ ತಕುಓ ಅಒಯಾಗಿ ತೀರಿಕೊಂಡರು. 1970ರ ದಶಕದಲ್ಲಿ ಪಲ್ಸ್ ಆಕ್ಸಿಮೀಟರಿನ ತತ್ವವನ್ನು ಕಂಡುಹಿಡಿದವರು ಅವರು. ಅವರ ಉಪಕರಣ ಜಗತ್ತಿನ ಮನೆಮನೆಗೆ ಹೊಕ್ಕಿದ್ದು ಅವರು ಹೋದ ವರ್ಷವೇ. 2021ರ ಏಪ್ರಿಲ್–ಮೇ ಎರಡನೇ ಅಲೆಯಲ್ಲಿ ಬೆಂಗಳೂರಿನ ಮೆಡಿಕಲ್ ಶಾಪುಗಳಲ್ಲಿ ಆ ಪುಟ್ಟ ಡಬ್ಬಿಗೆ ಜನ ಮುಗಿಬಿದ್ದರು.

ಜನರಿಗೆ ಹೇಳಿಕೊಟ್ಟ ಸೂತ್ರ ಸರಳವಾಗಿತ್ತು: 94ಕ್ಕಿಂತ ಕೆಳಗೆ ಇಳಿದರೆ ಆಸ್ಪತ್ರೆಗೆ ಹೋಗಿ. ಆರೋಗ್ಯವಂತರಿಗೆ ಅದು ಸರಿಯೇ. ಆದರೆ ತೀವ್ರ ಸಿಒಪಿಡಿ ಇದ್ದವರಲ್ಲಿ ಎಷ್ಟೋ ಮಂದಿಯ ಮಾಮೂಲಿ ಅಂಕಿಯೇ ಅದಕ್ಕಿಂತ ಕೆಳಗಿರುತ್ತದೆ. ಇಂಗಾಲದ ಡೈ ಆಕ್ಸೈಡ್ ರಕ್ತದಲ್ಲಿ ಕೂಡಿಕೊಳ್ಳುವ ಅಪಾಯ ಇರುವ ಇಂಥವರಿಗೆ ಆಮ್ಲಜನಕ ಕೊಡುವಾಗ ವೈದ್ಯರು ಇಟ್ಟುಕೊಳ್ಳುವ ಗುರಿಯೇ 88ರಿಂದ 92. ಇದನ್ನು ಮೊದಲೇ ಯಾರೂ ಬಿಡಿಸಿ ಹೇಳಿರದ ರೋಗಿ ಅರ್ಧ ರಾತ್ರಿಯಲ್ಲಿ ಬೆರಳಿಗೆ ಡಬ್ಬಿ ಸಿಕ್ಕಿಸಿಕೊಂಡು 91 ನೋಡಿದರೆ ಏನಾಗುತ್ತದೆ? ಎದೆ ಹೊಡೆದುಕೊಳ್ಳುತ್ತದೆ, ಉಸಿರು ಏರುತ್ತದೆ, ಮತ್ತೆ ನೋಡಿದರೆ 89. ಕೈ ತಣ್ಣಗಾಗಿದ್ದರೆ, ನಡುಗುತ್ತಿದ್ದರೆ ಯಂತ್ರ ಇನ್ನೂ ತಪ್ಪು ತೋರಿಸುತ್ತದೆ. ಧೈರ್ಯ ತುಂಬಲೆಂದು ತಂದ ಡಬ್ಬಿ ಮೇಲೆ ಹೇಳಿದ ಸುಳಿಯನ್ನು ತಿರುಗಿಸುವ ಕೀಲಿಯಾಗುತ್ತದೆ.

ಇದರ ತದ್ವಿರುದ್ಧವೂ ನಡೆಯಿತು. ಸಿಒಪಿಡಿ ಉಲ್ಬಣಗೊಂಡು ಆಸ್ಪತ್ರೆಗೆ ದಾಖಲಾಗುವವರ ಸಂಖ್ಯೆ ಸಾಂಕ್ರಾಮಿಕದ ಕಾಲದಲ್ಲಿ ಸುಮಾರು ಅರ್ಧಕ್ಕೆ ಇಳಿದಿತ್ತು ಎಂದು ಹಲವು ದೇಶಗಳ ಅಧ್ಯಯನಗಳನ್ನು ಕೂಡಿಸಿ 2021ರಲ್ಲಿ ಬಂದ ವಿಶ್ಲೇಷಣೆ ಹೇಳಿತು. ಇದರಲ್ಲಿ ಒಳ್ಳೆಯ ಸುದ್ದಿಯೂ ಇದೆ. ಮಾಸ್ಕ್, ಲಾಕ್‌ಡೌನ್‌ಗಳಿಂದ ನೆಗಡಿ, ಫ್ಲೂ ವೈರಸ್‌ಗಳ ಓಡಾಟ ನಿಂತು ಎಷ್ಟೋ ಜನರ ಉಬ್ಬಸ ನಿಜಕ್ಕೂ ಹತೋಟಿಗೆ ಬಂತು. ಆದರೆ ಇಳಿಕೆಯಲ್ಲಿ ಒಂದು ಪಾಲು ಆಸ್ಪತ್ರೆಯ ಬಾಗಿಲಿಗೇ ಹೆದರಿ ಮನೆಯಲ್ಲಿ ಉಳಿದವರದು. ಈ ಎರಡು ಪಾಲುಗಳನ್ನು ಬೇರೆ ಮಾಡಿ ತೋರಿಸುವ ಲೆಕ್ಕ ನಮ್ಮ ದೇಶದಲ್ಲಿ ಸುಲಭವಾಗಿ ಸಿಗುವುದಿಲ್ಲ.

ಆದರೆ ಪಕ್ಕದ ಒಂದು ಲೆಕ್ಕ ಕಣ್ಣಿಗೆ ರಾಚುತ್ತದೆ. 2019ರಲ್ಲಿ ಭಾರತದಲ್ಲಿ ಸುಮಾರು 24 ಲಕ್ಷ ಕ್ಷಯ ರೋಗಿಗಳು ದಾಖಲಾಗಿದ್ದರು. 2020ರಲ್ಲಿ ಆ ಸಂಖ್ಯೆ ಸುಮಾರು 18 ಲಕ್ಷ. ಕ್ಷಯ ಒಂದೇ ವರ್ಷದಲ್ಲಿ ಕಾಲು ಭಾಗ ಮಾಯವಾಗುವ ಕಾಯಿಲೆಯಲ್ಲ. ಬಸ್ಸಿಲ್ಲ, ಪರೀಕ್ಷೆ ಮಾಡುವ ಸಿಬ್ಬಂದಿ ಕೋವಿಡ್ ಕೆಲಸಕ್ಕೆ ಹೋಗಿದ್ದಾರೆ. ಇವೆಲ್ಲದರ ಜೊತೆಗೆ, ‘ಕೆಮ್ಮು ಎಂದು ಹೇಳಿದರೆ ಹಿಡಿದುಕೊಂಡು ಹೋಗುತ್ತಾರೆ’ ಎಂಬ ಅಂಜಿಕೆ. ಮನೆ ಬಾಗಿಲಿಗೆ ಕ್ವಾರಂಟೈನ್ ಚೀಟಿ ಅಂಟಿಸುತ್ತಿದ್ದ ಆ ದಿನಗಳನ್ನು ನೆನಪಿಸಿಕೊಂಡರೆ ಆ ಅಂಜಿಕೆ ಬರೀ ಕಲ್ಪನೆಯದು ಎನ್ನಲಾಗದು.

ಪಟ್ಟಿಯಲ್ಲೇ ಇಲ್ಲದವರು

ಇಂಗ್ಲೆಂಡಿನ ರೋಗಿಗೆ ಪತ್ರವಾದರೂ ಬಂತು. ನಮ್ಮಲ್ಲಿ ಎಷ್ಟೋ ಮಂದಿಗೆ ತಮಗಿರುವುದು ಯಾವ ಕಾಯಿಲೆ ಎಂದೇ ಗೊತ್ತಿಲ್ಲ. ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ನಲ್ಲಿ 2018ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ 2016ರಲ್ಲಿ ಭಾರತದಲ್ಲಿ ಸಿಒಪಿಡಿ ಇದ್ದವರು 5.53 ಕೋಟಿ, ಅಸ್ತಮಾ ಇದ್ದವರು 3.79 ಕೋಟಿ. ದೇಶದ ಒಟ್ಟು ಸಾವುಗಳಲ್ಲಿ ಶೇ 10.9ರಷ್ಟು ದೀರ್ಘಕಾಲದ ಶ್ವಾಸಕೋಶದ ಕಾಯಿಲೆಗಳಿಂದಲೇ ಆಗಿದ್ದವು. ಜಗತ್ತಿನ ಜನಸಂಖ್ಯೆಯಲ್ಲಿ ನಮ್ಮ ಪಾಲು ಶೇ 18. ಈ ಕಾಯಿಲೆಗಳ ಹೊರೆಯಲ್ಲಿ ನಮ್ಮ ಪಾಲು ಶೇ 32.

ಸಿಒಪಿಡಿ ಎಂದರೆ ಬೀಡಿ–ಸಿಗರೇಟಿನ ಕಾಯಿಲೆ ಎಂಬ ನಂಬಿಕೆಯನ್ನೂ ಅದೇ ವರದಿ ಅಲ್ಲಾಡಿಸುತ್ತದೆ. ಭಾರತದಲ್ಲಿ ಸಿಒಪಿಡಿಯ ಹೊರೆಯಲ್ಲಿ ತಂಬಾಕಿನ ಪಾಲು ಸುಮಾರು ಶೇ 25 ಆದರೆ ಹೊಗೆ, ದೂಳು ತುಂಬಿದ ಗಾಳಿಯ ಪಾಲು ಅರ್ಧಕ್ಕೂ ಹೆಚ್ಚು. ಮೈಸೂರು ಭಾಗದ ಹಳ್ಳಿಗಳ ಹೆಂಗಸರನ್ನು ಪರೀಕ್ಷಿಸಿದ ಸಂಶೋಧಕರು ಇದಕ್ಕೊಂದು ಅಳತೆಗೋಲನ್ನೇ ಕೊಟ್ಟಿದ್ದಾರೆ. ದಿನಕ್ಕೆ ಎಷ್ಟು ಗಂಟೆ ಸೌದೆ ಒಲೆಯ ಮುಂದೆ ಕೂರುತ್ತೀರಿ, ಎಷ್ಟು ವರ್ಷದಿಂದ ಕೂರುತ್ತಿದ್ದೀರಿ, ಎರಡನ್ನೂ ಗುಣಿಸಿ. ಗುಣಲಬ್ಧ 60 ದಾಟಿದರೆ ದೀರ್ಘಕಾಲದ ಕೆಮ್ಮು–ಕಫದ ಕಾಯಿಲೆಯ ಅಪಾಯ ಎದ್ದು ಕಾಣತೊಡಗುತ್ತದೆ. ದಿನಕ್ಕೆ ಮೂರು ಗಂಟೆಯಂತೆ ಇಪ್ಪತ್ತು ವರ್ಷ ಎಂದರೆ ಅಲ್ಲಿಗೆ ಸರಿಯಾಗಿ 60. ಹದಿನೆಂಟಕ್ಕೆ ಮದುವೆಯಾಗಿ ಒಲೆ ಹಿಡಿದವಳು ಮೂವತ್ತೆಂಟಕ್ಕೆ ಆ ಗೆರೆ ಮುಟ್ಟಿರುತ್ತಾಳೆ.

ಇವರ ಜೊತೆಗೆ ಕ್ಷಯ ವಾಸಿಯಾದರೂ ಶ್ವಾಸಕೋಶದಲ್ಲಿ ಕಲೆ ಉಳಿದವರಿದ್ದಾರೆ. ಕಲ್ಲು ಕ್ವಾರಿಯ ದೂಳು ಕುಡಿದವರಿದ್ದಾರೆ. ಸಿಲಿಕೋಸಿಸ್ ಭಾರತದಲ್ಲಿ ಮೊದಲು ವರದಿಯಾದದ್ದೇ ಕೋಲಾರದ ಚಿನ್ನದ ಗಣಿಯಿಂದ, 1930ರ ದಶಕದಲ್ಲಿ. ಗಣಿ 2001ರಲ್ಲಿ ಮುಚ್ಚಿತು, ಎದೆಯೊಳಗೆ ಇಳಿದ ದೂಳು ಇಳಿದಲ್ಲೇ ಇದೆ. ಇವರೆಲ್ಲರ ಪಾಲಿಗೆ ಆ ಎರಡು ವರ್ಷದ ಸಾಮಾಜಿಕ ಕಿರುಕುಳ ಬೇರೆಯೇ. ಬಸ್ಸಿನಲ್ಲಿ ಕೆಮ್ಮಿದರೆ ಪಕ್ಕದವರು ಎದ್ದು ಹೋಗುತ್ತಾರೆ. ಸಂತೆಯಲ್ಲಿ ಕೆಮ್ಮಿದರೆ ದಾರಿ ಬಿಡುತ್ತಾರೆ. ಮದುವೆ ಮನೆಯಲ್ಲಿ ಕೆಮ್ಮಿದರೆ ‘ಅಮ್ಮಾ, ನೀವು ಆ ಕಡೆ ಕೂತ್ಕೊಳ್ಳಿ’ ಎನ್ನುತ್ತಾರೆ. ಅಂಥ ನಾಲ್ಕು ಅನುಭವ ಆದ ಮೇಲೆ ಆಕೆ ಹೊರಗೆ ಹೋಗುವುದನ್ನೇ ಬಿಡುತ್ತಾಳೆ. ನಮ್ಮಲ್ಲಿ ಮನೆಯೊಳಗೆ ಕೂರಿಸಲು ಸರ್ಕಾರದ ಪತ್ರ ಬೇಕಾಗಲಿಲ್ಲ.

ಮನೆಯೊಳಗೆ ಕೂತರೆ ಕಾಲಿನ ಸ್ನಾಯು ಸೊರಗುತ್ತದೆ. ಸೊರಗಿದ ಸ್ನಾಯು ಸ್ವಲ್ಪ ನಡೆದರೂ ಬೇಗ ದಣಿದು ಹೆಚ್ಚು ಉಸಿರು ಬೇಡುತ್ತದೆ. ಬಚ್ಚಲಿಗೆ ಹೋಗಿ ಬಂದರೂ ಮೇಲುಸಿರು. ‘ಕಾಯಿಲೆ ಜಾಸ್ತಿಯಾಯಿತು’ ಎಂದು ಹೆದರಿ ಇನ್ನಷ್ಟು ಕೂರುತ್ತಾರೆ. ಸಾಂಕ್ರಾಮಿಕ ಮುಗಿದರೂ ಈ ಇಳಿಜಾರು ಮುಗಿಯುವುದಿಲ್ಲ.

ಎರಡನೇ ಅಲೆಯಂತೂ ಇವರ ಭಯಕ್ಕೆ ಮುಖವನ್ನೇ ಕೊಟ್ಟಿತು. 2021ರ ಮೇ ಮೊದಲ ವಾರ ಚಾಮರಾಜನಗರದ ಆಸ್ಪತ್ರೆಯಲ್ಲಿ ಒಂದೇ ದಿನದ ಅವಧಿಯಲ್ಲಿ 24 ರೋಗಿಗಳು ಸತ್ತ, ಆಮ್ಲಜನಕ ಸಾಲಲಿಲ್ಲ ಎಂಬ ಸುದ್ದಿ ನಾಡಿನ ಪ್ರತಿ ಮನೆಯಲ್ಲೂ ಕೇಳಿಸಿತು. ಮನೆಯಲ್ಲೇ ಸಿಲಿಂಡರ್ ಇಟ್ಟುಕೊಂಡು ಬದುಕುವ ಶ್ವಾಸಕೋಶದ ರೋಗಿಗೆ ಅದು ಪರರ ಸಾವಿನ ಸುದ್ದಿಯಾಗಿರಲಿಲ್ಲ. ನಾಳೆ ತನ್ನ ಸಿಲಿಂಡರ್ ತುಂಬಿಸಿಕೊಡುವವರು ಯಾರು ಎಂಬ ಪ್ರಶ್ನೆಯಾಗಿತ್ತು.

ಹಾನಿ ಎಲ್ಲಿಂದ ಬರಲಿದೆ

ಸಾಂಕ್ರಾಮಿಕ ಮುಗಿದ ಮೇಲೆ ಮನಸ್ಸು ತಾನಾಗಿ ಸರಿಹೋಗುತ್ತದೆ ಎಂದುಕೊಳ್ಳುವವರು ಹಾಂಗ್‌ಕಾಂಗ್ ಕಡೆ ನೋಡಬೇಕು. 2003ರ ಸಾರ್ಸ್ ಅಲ್ಲಿ 1,755 ಜನರಿಗೆ ತಗುಲಿ 299 ಜನರನ್ನು ಬಲಿ ತೆಗೆದುಕೊಂಡಿತು. ಬದುಕುಳಿದ 90 ಮಂದಿಯನ್ನು 30 ತಿಂಗಳ ಬಳಿಕ ಪರೀಕ್ಷಿಸಿದಾಗ ಮೂವರಲ್ಲಿ ಒಬ್ಬರಿಗೆ ಯಾವುದಾದರೊಂದು ಮಾನಸಿಕ ಕಾಯಿಲೆ ಇತ್ತು. ನಾಲ್ವರಲ್ಲಿ ಒಬ್ಬರಿಗೆ ಆಘಾತದ ನಂತರದ ಒತ್ತಡದ ಕಾಯಿಲೆ. ಕೆಲವೇ ತಿಂಗಳಲ್ಲಿ ಹತೋಟಿಗೆ ಬಂದ ಸೋಂಕಿನ ನೆರಳು ಎರಡೂವರೆ ವರ್ಷವಾದರೂ ಸರಿದಿರಲಿಲ್ಲ. ಕೋವಿಡ್ ಅದಕ್ಕಿಂತ ದೊಡ್ಡದು. ಮೊದಲ ವರ್ಷದಲ್ಲೇ ಜಗತ್ತಿನಾದ್ಯಂತ ಆತಂಕ ಮತ್ತು ಖಿನ್ನತೆಯ ಕಾಯಿಲೆಗಳು ಶೇ 25ರಷ್ಟು ಹೆಚ್ಚಿದವು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರ ಮಾರ್ಚ್‌ನಲ್ಲಿ ಹೇಳಿತು.

ಈ ನಡುವೆ ಶ್ವಾಸಕೋಶದ ರೋಗಿಗಳ ಗುಂಪೇ ದೊಡ್ಡದಾಗಿದೆ. ಕೋವಿಡ್‌ನಿಂದ ಚೇತರಿಸಿಕೊಂಡ 207 ಜನರನ್ನು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಪರೀಕ್ಷಿಸಿದಾಗ ಸುಮಾರು ಶೇ 44 ಮಂದಿಯಲ್ಲಿ ಗಾಳಿಯಿಂದ ರಕ್ತಕ್ಕೆ ಆಮ್ಲಜನಕ ದಾಟಿಸುವ ಶಕ್ತಿ ಕುಗ್ಗಿತ್ತು. ಬ್ರಿಟನ್ನಿನಲ್ಲಿ ಆಸ್ಪತ್ರೆಯಿಂದ ಬಿಡುಗಡೆಯಾದ 1,077 ಕೋವಿಡ್ ರೋಗಿಗಳನ್ನು ತಿಂಗಳುಗಳ ಬಳಿಕ ನೋಡಿದಾಗ ಕಾಲು ಭಾಗಕ್ಕೂ ಹೆಚ್ಚು ಜನರಲ್ಲಿ ಆತಂಕ ಅಥವಾ ಖಿನ್ನತೆಯ ಸ್ಪಷ್ಟ ಲಕ್ಷಣಗಳಿದ್ದವು. ಪೂರ್ತಿ ಗುಣವಾಗಿದ್ದೇವೆ ಎಂದವರು ಶೇ 29 ಮಾತ್ರ. ಕಳೆದ ಸಾಂಕ್ರಾಮಿಕದಲ್ಲಿ ಆರೋಗ್ಯವಂತರಾಗಿದ್ದ ಎಷ್ಟೋ ಮಂದಿ ಮುಂದಿನದಕ್ಕೆ ಶ್ವಾಸಕೋಶದ ರೋಗಿಗಳಾಗಿ ಕಾಲಿಡಲಿದ್ದಾರೆ.

ಭಯ ಎಷ್ಟು ತೆಳು ಪದರದ ಕೆಳಗಿದೆ ಎಂಬುದು 2025ರ ಜನವರಿ 6ರಂದು ಗೊತ್ತಾಯಿತು. ಬೆಂಗಳೂರಿನಲ್ಲಿ ಇಬ್ಬರು ಶಿಶುಗಳಿಗೆ ಎಚ್‌ಎಂಪಿವಿ ಎಂಬ ವೈರಸ್ ತಗುಲಿರುವುದು ಪತ್ತೆಯಾಯಿತು. ಅದು 2001ರಲ್ಲೇ ನೆದರ್‌ಲ್ಯಾಂಡ್ಸ್‌ನಲ್ಲಿ ಗುರುತಿಸಲಾದ, ಪ್ರತಿ ಚಳಿಗಾಲದಲ್ಲೂ ಸುತ್ತುವ ಸಾಮಾನ್ಯ ವೈರಸ್. ಆದರೂ ಸುದ್ದಿವಾಹಿನಿಗಳು ಹಳೆಯ ರಾಗ ತೆಗೆದವು, ಪರದೆಯ ಮೇಲೆ ಮತ್ತೆ ಕೆಂಪು ಅಕ್ಷರ, ಮತ್ತೆ ಮಾಸ್ಕ್, ಮತ್ತೆ ಲಾಕ್‌ಡೌನ್ ಮಾತು. ಹಗ್ಗ ಹಾವಾಗಲು ಕತ್ತಲೆಯೇನೂ ಬೇಕಾಗಲಿಲ್ಲ. ಒಂದು ಬಾರಿ ಹಾವು ಕಂಡವರ ಮನಸ್ಸು ಸಾಕಾಯಿತು.

ಹಕ್ಕಿಜ್ವರದ ಎಚ್5ಎನ್1 ವೈರಸ್ 2024ರಲ್ಲಿ ಅಮೆರಿಕದ ಹೈನುರಾಸುಗಳಿಗೂ ಹಬ್ಬಿತು. ಪಕ್ಕದ ಕೇರಳದಲ್ಲಿ 2018ರಿಂದ ನಿಫಾ ಮತ್ತೆ ಮತ್ತೆ ತಲೆ ಎತ್ತುತ್ತಿದೆ. 2025ರ ಮೇ 20ರಂದು ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ದೇಶಗಳು ಸಾಂಕ್ರಾಮಿಕ ಒಪ್ಪಂದವೊಂದನ್ನು ಅಂಗೀಕರಿಸಿದ್ದೇ ಇನ್ನೊಂದು ಬರುತ್ತದೆ ಎಂಬ ಲೆಕ್ಕದ ಮೇಲೆ. ಅದು ಬಂದಾಗ ಶ್ವಾಸಕೋಶದ ರೋಗಿಗಳಿಗೆ ಮೂರು ದಿಕ್ಕಿನಿಂದ ಪೆಟ್ಟು ಬೀಳಲಿದೆ. ಆಸ್ಪತ್ರೆಗೆ ಬರಬೇಕಾದವರು ಹೆದರಿ ಬರುವುದಿಲ್ಲ. ಬರಬೇಕಿಲ್ಲದವರು ದಿಗಿಲಿನಿಂದ ಬಂದು ಹಾಸಿಗೆ ತುಂಬುತ್ತಾರೆ. ಮನೆಯಲ್ಲೇ ಉಳಿದವರು ವರ್ಷಗಟ್ಟಲೆ ಹೊರಗೆ ಬರುವುದಿಲ್ಲ.

ಎಷ್ಟು ಜನ? ಸಿಒಪಿಡಿ ಇದ್ದವರಲ್ಲಿ ಕಾಲು ಭಾಗಕ್ಕೆ ಖಿನ್ನತೆ ಎಂಬ ಲೆಕ್ಕ ಇಲ್ಲಿಗೂ ಹೊಂದುತ್ತದೆಂದು ಹಿಡಿದರೆ, 5.53 ಕೋಟಿಯಲ್ಲಿ ಕಾಲು ಭಾಗ ಎಂದರೆ ಸುಮಾರು 1.4 ಕೋಟಿ. ಅದು ಸಾಂಕ್ರಾಮಿಕ ಇಲ್ಲದ ಕಾಲದ ಅಂದಾಜು. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮಲ್ಲಿ ಮಾನಸಿಕ ಕಾಯಿಲೆ ಇದ್ದವರಲ್ಲಿ, ಕಾಯಿಲೆಯ ಬಗೆಯನ್ನು ಅವಲಂಬಿಸಿ, ಶೇ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ತಲುಪುತ್ತಿಲ್ಲ.

ಬಾವಿ ತೋಡುವ ಹೊತ್ತು

ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರೇನು ಫಲ ಎಂದು ನಮ್ಮ ಹಿರಿಯರು ಕೇಳಿದ್ದಾರೆ. ಈಗ ಬೆಂಕಿ ಇಲ್ಲ. ತೋಡಬೇಕಾದ ಜಾಗವೂ ಗೊತ್ತಿದೆ.

ಮೊದಲನೆಯದು ಉಸಿರಾಟದ ಪುನಶ್ಚೇತನ ತರಬೇತಿ. ವಾರಕ್ಕೆರಡು ಮೂರು ದಿನದಂತೆ ಕೆಲವು ವಾರಗಳ ಕಾಲ ಮಾಡಿಸುವ ನಡಿಗೆ, ಕಾಲು–ತೋಳಿನ ವ್ಯಾಯಾಮ, ಉಸಿರನ್ನು ಹದ ಮಾಡುವ ಪಾಠ. ಬಿಸಿ ಹಾಲು ಆರಿಸುವಾಗ ತುಟಿ ಕೂಡಿಸಿ ಊದುತ್ತೇವಲ್ಲ, ಹಾಗೆ ನಿಧಾನವಾಗಿ ಉಸಿರು ಬಿಡುವುದು ಅದರ ಮೊದಲ ಅಕ್ಷರ. ಒಳಗೆ ಸಿಕ್ಕಿಕೊಂಡ ಗಾಳಿಗೆ ಹೊರಬೀಳಲು ಅದು ಸಮಯ ಕೊಡುತ್ತದೆ. 65 ಪ್ರಯೋಗಗಳ 3,822 ರೋಗಿಗಳ ಮಾಹಿತಿ ಜಾಲಾಡಿದ 2015ರ ಕಾಕ್ರೇನ್ ವಿಮರ್ಶೆ ಈ ತರಬೇತಿಯಿಂದ ಏದುಸಿರು, ದಣಿವು ಮಾತ್ರವಲ್ಲ, ಮನಸ್ಸಿನ ಸ್ಥಿತಿಯೂ ಸುಧಾರಿಸುತ್ತದೆ ಎಂದು ತೀರ್ಮಾನಿಸಿತು. ಫೋನ್, ವಿಡಿಯೊ ಮೂಲಕ ಕಲಿಸಿದರೂ ಫಲ ಹೆಚ್ಚುಕಡಿಮೆ ಅಷ್ಟೇ ಎಂದು 2021ರ ಇನ್ನೊಂದು ವಿಮರ್ಶೆ ಹೇಳಿತು. ಲಾಕ್‌ಡೌನ್ ಬಂದರೂ ನಿಲ್ಲದ ಚಿಕಿತ್ಸೆ ಇದು. ಆದರೆ ನಮ್ಮ ಜಿಲ್ಲಾಸ್ಪತ್ರೆಗಳಲ್ಲಿ ಇದನ್ನು ಹುಡುಕಿದರೂ ಸಿಗುವುದು ಅಪರೂಪ.

ಬರೀ ಮಾತಿನ ಚಿಕಿತ್ಸೆಯ ಬಗ್ಗೆ ಪುರಾವೆ ಎರಡು ಕಡೆಗೂ ಇದೆ, ಅದನ್ನು ಮುಚ್ಚಿಡಬಾರದು. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ 279 ಸಿಒಪಿಡಿ ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ತರಬೇತಿ ಪಡೆದ ನರ್ಸ್‌ಗಳು ನೀಡಿದ ಆಪ್ತಸಮಾಲೋಚನೆ ಆತಂಕವನ್ನು ಇಳಿಸಿತು. ಆದರೆ 423 ರೋಗಿಗಳ ‘ಟ್ಯಾಂಡೆಮ್’ ಎಂಬ ಇನ್ನೊಂದು ಪ್ರಯೋಗದಲ್ಲಿ ಅಂಥ ಮಾತುಕತೆಯಿಂದ ಹೇಳಿಕೊಳ್ಳುವಂಥ ಫಲ ಕಾಣಲಿಲ್ಲ. ಮಾತಿನ ಚಿಕಿತ್ಸೆ ಬೇಡ ಎಂದು ಇದರ ಅರ್ಥವಲ್ಲ. ಮೈಗೆ ವ್ಯಾಯಾಮ, ಎದೆಗೆ ಔಷಧಿ, ಮನಸ್ಸಿಗೆ ಮಾತು ಮೂರೂ ಒಂದೇ ಸೂರಿನಡಿ ಸಿಗಬೇಕು ಎಂಬ ಕಡೆಗೇ ಪುರಾವೆ ವಾಲುತ್ತದೆ.

ಎರಡನೆಯದು ಕೇಳುವ ಅಭ್ಯಾಸ. ಬಿಪಿ, ಶುಗರ್ ನೋಡುವ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಉಬ್ಬಸದ ರೋಗಿಗೆ ಎರಡು ಪ್ರಶ್ನೆ ಸಾಕು: ಕಳೆದ ಎರಡು ವಾರದಲ್ಲಿ ಯಾವುದರಲ್ಲೂ ಆಸಕ್ತಿ ಇಲ್ಲದಂತಾಗಿದೆಯೇ? ಮನಸ್ಸು ಕುಗ್ಗಿದೆಯೇ? ಜಗತ್ತಿನೆಲ್ಲೆಡೆ ಬಳಕೆಯಲ್ಲಿರುವ ಖಿನ್ನತೆಯ ಮೊದಲ ಜರಡಿ ಇಷ್ಟೇ. ಇದು ಕರ್ನಾಟಕಕ್ಕೆ ಅಸಾಧ್ಯ ಎನ್ನಲು ನಮಗೆ ನೆಪವೂ ಇಲ್ಲ. ಹಳ್ಳಿಯ ಆರೋಗ್ಯ ಸಿಬ್ಬಂದಿಗೇ ಮಾನಸಿಕ ಆರೋಗ್ಯದ ತರಬೇತಿ ಕೊಡುವ ಪ್ರಯೋಗವನ್ನು ನಿಮ್ಹಾನ್ಸ್ 1980ರ ದಶಕದಲ್ಲೇ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ‘ಬಳ್ಳಾರಿ ಮಾದರಿ’ಯೇ ತಳಹದಿ. ದೇಶಕ್ಕೆ ದಾರಿ ತೋರಿದ ನಾಡು ತನ್ನದೇ ಎದೆರೋಗದ ವಾರ್ಡಿಗೆ ಆ ದಾರಿಯನ್ನು ತಂದಿಲ್ಲ.

ಮೂರನೆಯದು ಒಂದು ಚೀಟಿ. ಪ್ರತಿ ರೋಗಿಯ ಕೈಯಲ್ಲಿ, ಆರಾಮವಾಗಿರುವಾಗ ಅವರ ಆಮ್ಲಜನಕದ ಅಂಕಿ ಎಷ್ಟು, ಎಷ್ಟಕ್ಕಿಂತ ಇಳಿದರೆ ಹೊರಡಬೇಕು, ದಮ್ಮು ಹತ್ತಿದಾಗ ಯಾವ ಇನ್‌ಹೇಲರ್ ಎಷ್ಟು ಸಲ, ಯಾರಿಗೆ ಫೋನ್ ಮಾಡಬೇಕು ಎಂದು ಅವರ ವೈದ್ಯರೇ ಕನ್ನಡದಲ್ಲಿ ಬರೆದುಕೊಟ್ಟ ಚೀಟಿ. ಅರ್ಧ ರಾತ್ರಿಯ 91ಕ್ಕೆ ಅದು ಉತ್ತರ.

ನಾಲ್ಕನೆಯದು ಸರ್ಕಾರ ಮತ್ತು ಮಾಧ್ಯಮದ ಮಾತು. ‘ಉಸಿರಾಟದ ಕಾಯಿಲೆ ಇದ್ದವರು ಹುಷಾರು’ ಎಂದು ಎಲ್ಲರನ್ನೂ ಒಂದೇ ಗೋಣಿಗೆ ತುಂಬುವ ಎಚ್ಚರಿಕೆ ಇನ್ನು ಸಾಕು. ಯಾರಿಗೆ ಎಷ್ಟು ಅಪಾಯ, ಅಪಾಯ ತಗ್ಗಿಸಲು ಏನು ಮಾಡಬಹುದು ಎಂದು ಬಿಡಿಸಿ ಹೇಳಬೇಕು. ಹೊಸ ಪುರಾವೆ ಬಂದಂತೆ ಮಾತನ್ನೂ ತಿದ್ದಬೇಕು. ಜನರನ್ನು ಎಚ್ಚರಿಸಲು ಕೆಮ್ಮಿನ ಸದ್ದು ಬಳಸುವ ಮೊದಲು, ದಿನವೂ ಕೆಮ್ಮುವವರು ಅದನ್ನು ಕೇಳಿಸಿಕೊಳ್ಳುತ್ತಾರೆ ಎಂಬ ನೆನಪಿರಬೇಕು.

ಕೊನೆಯದಾಗಿ, ಇದನ್ನು ಓದುತ್ತಿರುವ ನಿಮಗೊಂದು ಮಾತು. ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಕೋವಿಡ್ ನಂತರ ಹೊರಗೆ ಬರುವುದನ್ನೇ ಬಿಟ್ಟ ಒಬ್ಬ ಉಬ್ಬಸದ ಅಜ್ಜಿ, ದಮ್ಮಿನ ಕಾಕಾ ಇರಬಹುದು. ವಯಸ್ಸಾಯಿತು ಎಂದು ಸುಮ್ಮನಾಗಬೇಡಿ. ಜೊತೆಗೆ ಹತ್ತು ಹೆಜ್ಜೆ ನಡೆಯಿರಿ, ನಡುವೆ ಕೂರಲು ಬಿಡಿ, ಉಸಿರು ಹತೋಟಿಗೆ ಬಂದ ಮೇಲೆ ಮತ್ತೆ ಹತ್ತು ಹೆಜ್ಜೆ. ರಾತ್ರಿ ನಿದ್ದೆ ಬರುತ್ತದೆಯೇ, ಹೆದರಿಕೆಯಾಗುತ್ತದೆಯೇ ಎಂದು ಕೇಳಿ. ಹೌದು ಎಂದರೆ ಅವರ ಎದೆಯ ವೈದ್ಯರಿಗೆ ಅದನ್ನೂ ಹೇಳಿ. ದೇಶದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 2022ರ ಅಕ್ಟೋಬರ್‌ನಿಂದ ನಡೆಯುತ್ತಿದೆ. ಸಂಖ್ಯೆ 14416, ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.